ಪಟ್ಟಿಯಲ್ಲಿ ಐದನೇ ಹೆಸರು

ಕಾಲುವೆ ದಂಡೆ, ಕಂಬಂ
ಬುಧವಾರ, 12 ಜೂನ್ 2024

ನನ್ನಪ್ಪಾ ಸೇಕರಾ,

ಹೇಗಿದ್ದೀಯ? ಒಡ್ಡನ್‌ಛತ್ರಂ ಮಾರ್ಕೆಟ್ಟಿನಲ್ಲಿ ಟೊಮೇಟೊ ಪೆಟ್ಟಿಗೆ ಎತ್ತಿ ಎತ್ತಿ ನಿನಗೆ ಸೊಂಟ ಹಿಡಿದಿದೆ ಅಂತ ಲಾರಿ ಶಿವಬಾಲನ್ ಹೇಳಿದ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ, ಹೋಟೆಲ್ ಪರೋಟ ಕಡಿಮೆ ಮಾಡು. ನೀನು ಕೇಳದಿದ್ದರೂ ಹೇಳ್ತೀನಿ, ನಾನು ಚೆನ್ನಾಗಿದ್ದೀನಿ. ಈ ಕಾಗದ ಹೇಳೋಳು ನಾನು, ಬರೆಯೋಳು ನಿನ್ನ ಮಗಳು ನಿವೇತಾ. ನಮ್ಮ ಮನೆಮಾತು ಕನ್ನಡ ಅವಳಿಗೆ ಅರ್ಥವಾಗುತ್ತೆ, ಬಾಯಿಗೆ ಮಾತ್ರ ಬರಲ್ಲ. ತಮಿಳು ಅಕ್ಷರದಲ್ಲೇ ಬರೀತಿದ್ದಾಳೆ, ನೀನು ನನ್ನ ದನಿಯಲ್ಲಿ ಓದಿಕೋ. ಫೋನಿನಲ್ಲಿ ನಾನು ಅಂತ ಗೊತ್ತಾದ ಕೂಡಲೇ ಕಟ್ ಮಾಡ್ತೀಯಲ್ಲ, ಕಾಗದವನ್ನ ಹೇಗೆ ಕಟ್ ಮಾಡ್ತೀಯೋ ನೋಡೇಬಿಡ್ತೀನಿ.

ಜಗಳ ನೆನಪಿದೆ ತಾನೆ? ಕಾಲುವೆ ದಂಡೆಯ ಗುಡಿಸಲುಗಳನ್ನ ತೆಗೆದು, ಬೈಪಾಸ್ ಹತ್ತಿರ ಕಟ್ಟಿರೋ ನಾಲ್ಕಂತಸ್ತಿನ ಕಟ್ಟಡದಲ್ಲಿ ಎಲ್ಲರಿಗೂ ಒಂದೊಂದು ಮನೆ ಕೊಡ್ತೀವಿ ಅಂತ ನಗರಸಭೆಯೋರು ಸಾರಿದ ದಿನ. ನೀನು ಅರ್ಜಿ ಹಾಕಿ ಬಂದವನೇ, ಮೆಟ್ಟಿಲು ಹತ್ತಿಸೋಕಾಗಲ್ಲ, ಹಸು ಯಾರಿಗಾದರೂ ಕೊಟ್ಟುಬಿಡು ಅಂದೆ. ಪ್ರಾಣ ಹೋದರೂ ಕೊಡಲ್ಲ ಅಂದೆ ನಾನು. 'ಈ ಮನೇಲಿ ನನಗಿಂತ ಹಸುವಿಗೇ ಮರ್ಯಾದೆ ಜಾಸ್ತಿ' ಅಂತ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಮೂರು ತಿಂಗಳಾಯ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತಾ ಅಂತಾರೆ. ಇರಲಿ ಬಿಡು, ಮೂಗು ನಂದೂ ಹೋಗಿದೆ.

ನೀನು ಹೋದ ಮೇಲೆ ಸರ್ವೆಗೆ ಅಭಿರಾಮಿ ಅಂತ ಒಂದು ಹುಡುಗಿ ಬಂತು. ಬಂಗಾರದಂಥ ಹುಡುಗಿ, ಪಾಪ, ಬಿಸಿಲಿಗೆ ಬಸವಳಿದಿತ್ತು. ಮಜ್ಜಿಗೆ ಕೊಟ್ಟೆ. ಈ ಮನೇಲಿ ಇರೋರು ಯಾರ್ಯಾರು ಅಂತ ಕೇಳಿತು. ನಮ್ಮೋರು ಮನೆಮಂದಿಯನ್ನ ಎಣಿಸುವಾಗ ದನ ಬಿಟ್ಟು ಎಣಿಸಿದ್ದು ಯಾವತ್ತಾದರೂ ಉಂಟಾ? ನನ್ನ ಹೆಸರು ವೆಳ್ಳೈಯಮ್ಮಾಳ್, ಮಗ ಸೇಕರ್, ಸೊಸೆ ಮಣಿಮೇಗಲೈ, ಮೊಮ್ಮಗಳು ನಿವೇತಾ, ಆಮೇಲೆ ಮೂಕಮ್ಮಾಳ್ ಅಂದೆ. ನನ್ನ ಅತ್ತೆ ತೀರಿಕೊಂಡ ದಿನವೇ ಕರು ಹುಟ್ಟಿತು ಅಂತ ಅವರ ಹೆಸರೇ ಇಟ್ಟಿದ್ದು ನೀನೇ ತಾನೆ! ವಯಸ್ಸೆಷ್ಟು ಅಂತು ಹುಡುಗಿ. ಒಂಬತ್ತು ಅಂದೆ. ಶಾಲೆಗೆ ಹೋಗ್ತಾಳಾ ಅಂತು. ಶಾಲೆ ಏನು ಬಂತು, ಬೆಳಿಗ್ಗೆ ಹೋಗ್ತಾಳೆ, ಸಾಯಂಕಾಲ ತಾನಾಗೇ ಬರ್ತಾಳೆ ಅಂದೆ. ಸುಳ್ಳಾ ಹೇಳಿದೆ? ನಿನ್ನ ಹೆಂಡತಿ ನೀರಿಗೆ ಹೋಗಿದ್ದಳು, ಇಲ್ಲದಿದ್ದರೆ ಅವತ್ತೇ ನನ್ನ ಬಾಯಿ ಮುಚ್ಚಿಸ್ತಿದ್ದಳು.

ಹೋದ ವಾರ ನಗರಸಭೆಯಿಂದ ಓಲೆ ಬಂತು. ಮೂಕಮ್ಮಾಳ್, ಹೆಣ್ಣು, ಒಂಬತ್ತು ವರ್ಷ, ಶಾಲೆ ಬಿಟ್ಟ ಮಗು. ಮನೆಯ ಎಲ್ಲರೂ ಆಫೀಸಿಗೆ ಖುದ್ದಾಗಿ ಬಂದು ಮುಖ ತೋರಿಸಬೇಕು, ಆ ಮಗುವನ್ನ ಕಡ್ಡಾಯವಾಗಿ ಕರೆತರಬೇಕು ಅಂತ. ಮಣಿಮೇಗಲೈ ತಲೆ ತಲೆ ಚಚ್ಚಿಕೊಂಡಳು. ಕರೆತನ್ನಿ ಅಂದ ಮೇಲೆ ಕರಕೊಂಡೇ ಹೋದೆ. ಮೈ ತೊಳೆದು, ಕೊಂಬಿಗೆ ಅರಿಶಿಣ ಹಚ್ಚಿ, ಬಜಾರಿನ ನಡುವೆ ನಡೆಸಿಕೊಂಡು. ಷೇರ್ ಆಟೋದೋರು ದಾರಿ ಬಿಟ್ಟರು, ಕೈ ಮುಗಿದರು. ಆಫೀಸರ್ ಪಾಂಡಿಯರಾಜನ್ ಗೇಟಿಗೆ ಬಂದು, ಮಗು ಎಲ್ಲಮ್ಮಾ ಅಂದರು. ಇಗೋ ಅಂತ ತೋರಿಸಿದೆ. ಅಷ್ಟರಲ್ಲಿ ನಿನ್ನಜ್ಜಿ ಹೆಸರಿನೋಳು ಗೋಡೆಯ ನೋಟೀಸನ್ನ ಅರ್ಧ ತಿಂದು ಮುಗಿಸಿದ್ದಳು. ಅಯ್ಯೋ, ಅಭಿರಾಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು ಕಣೋ. ಅದರದ್ದೇನೂ ತಪ್ಪಿಲ್ಲ, ನಾನೇ ಹೇಳಿದ್ದು ಅಂತ ಆಫೀಸರ ಎದುರಿಗೇ ಗಟ್ಟಿಯಾಗಿ ಹೇಳಿದೆ.

ಆ ಮನುಷ್ಯ ಬೈಯಲಿಲ್ಲ, ನಕ್ಕರು. ಆಮೇಲೆ ನಗು ನಿಲ್ಲಿಸಿ, ಅರ್ಜಿ ಸೇಕರ್ ಹೆಸರಿನಲ್ಲಿದೆ, ಸೇಕರ್ ಎಲ್ಲಿ ಅಂದರು. ಎರಡು ಸಲ ಮನೆಗೆ ಬಂದು ನೋಡಿದ್ದಾರೆ, ಇದು ಮೂರನೇದು, ಮೂರು ಸಲವೂ ನೀನಿಲ್ಲ. ಅಲ್ಲೇ ಇರೋರಿಗೆ ಮಾತ್ರ ಮನೆಯಂತೆ, ಹೆಸರಿಗೆ ಇರೋರಿಗಲ್ಲ. ವಯಸ್ಸಾದ ನನಗೋಸ್ಕರ ಕೆಳಗಿನ ಅಂತಸ್ತು ಬರೆದಿಟ್ಟಿದ್ದಾರೆ. ನೀನು ಬರದಿದ್ದರೆ ಅದು ಕಾದು ನಿಂತಿರೋ ಬೇರೆಯೋರಿಗೆ ಹೋಗುತ್ತೆ. ದಂಡೆಯ ಗುಡಿಸಲಂತೂ ಹೇಗೂ ಕೆಡವ್ತಾರೆ. ಆಮೇಲೆ ನಾವು ಮೂರು ಹೆಂಗಸರು ಎಲ್ಲಿಗೆ ಹೋಗೋದಪ್ಪಾ? ನನಗೆ ಭಯ ಆಗ್ತಿದೆ, ಮಗನೇ.

ನಿನ್ನ ಸೊಂಟ, ನಿನ್ನ ಹಠ, ಎರಡೂ ಬೇಗ ಬಗ್ಗಲಿ ಅಂತ ದಿನಾ ದೇವರಿಗೆ ದೀಪ ಹಚ್ತೀನಿ. ಮಣಿಮೇಗಲೈ ನೀನು ಉಂಡೆಯಾ ಅಂತ ಕೇಳ್ತಾಳೆ, ನಾನು ಹೇಳಿದೆ ಅನ್ನಬೇಡ. ನೂರು ಕಾಲ ಬಾಳು.

ನಿನ್ನ ಹೆತ್ತ
ವೆಳ್ಳೈಯಮ್ಮಾಳ್

ಮರೆತೆ: ಕಾಗದ ಒಯ್ಯೋಕೆ ಬಂದ ಶಿವಬಾಲನ್ ಹಾರ್ನ್ ಹೊಡೀತಿದ್ದಾನೆ, ಬೇಗ ಹೇಳ್ತೀನಿ. ಇವತ್ತು ಪಟ್ಟಿ ಅಂಟಿಸಿದ್ದಾರೆ, ನಿವೇತಾ ಓದಿ ಬಂದಳು. ಮೂರು ಸಲ ಕಾಣದ್ದಕ್ಕೆ ನಿನ್ನ ಹೆಸರಿನ ಮೇಲೆ ಗೀಟು ಎಳೆದಿದ್ದಾರೆ. ಹಸುವಿನ ಹೆಸರು ತೆಗೆಯೋಕೆ ಮೇಲಿನೋರ ಸಹಿ ಬೇಕಂತೆ, ಅದಕ್ಕೇ ಮೂಕಮ್ಮಾಳ್ ಇನ್ನೂ ಹಾಗೇ ಇದ್ದಾಳೆ, ಎದುರಿಗೆ ಟಿಕ್ ಬೇರೆ, ಖುದ್ದಾಗಿ ಬಂದು ಮುಖ ತೋರಿಸಿದ್ದಾಳೆ ಅಂತ. ನೀನು ಹೋಗುವಾಗ ಹೇಳಿದ ಮಾತನ್ನ ಸರ್ಕಾರವೇ ಬರೆದು ಅಂಟಿಸಿದೆ ನೋಡು. ಆದರೆ ಕೊಟ್ಟಿಗೆಯಲ್ಲಿ ಅವಳಿಲ್ಲ. ನಿನ್ನೆ ನಾನೇ ಮಾರ್ಕಯನ್‌ಕೋಟ್ಟೈಗೆ ನಡೆಸಿಕೊಂಡು ಹೋಗಿ ನನ್ನ ತಂಗಿಯ ಮನೆಯಲ್ಲಿ ಕಟ್ಟಿ ಬಂದೆ. ಅವಳ ಹಳೇ ಹಗ್ಗ ಇಲ್ಲೇ ಗೂಟದಲ್ಲಿದೆ, ಬಿಚ್ಚೋಕೆ ಮನಸ್ಸು ಬರಲಿಲ್ಲ. ಶುಕ್ರವಾರ ಹತ್ತು ಗಂಟೆಯೊಳಗೆ ಆಧಾರ್ ಕಾರ್ಡು ತಗೊಂಡು ಬಾ, ಆಫೀಸಿಗೆ ಬಂದು ಮುಖ ತೋರಿಸಿದರೆ ಹೆಸರು ಮತ್ತೆ ಸೇರಿಸ್ತಾರಂತೆ. ನಿನ್ನನ್ನೂ ಬಿಟ್ಟು ನನಗೆ ಎಣಿಸೋಕೆ ಬರಲ್ಲ ಕಣೋ.