ಗೋದಲಿಯ ಎತ್ತು

ಹುಬ್ಬಳ್ಳಿ,
ಭಾನುವಾರ

ಪ್ರೀತಿಯ ಸಾಕ್ಷಿ,

ನೀನು ಪಾಸಾಗಿದ್ದೀಯ ಹುಡುಗಿ, ಅದೂ ಫಸ್ಟ್ ಕ್ಲಾಸಿನಲ್ಲಿ, ಅಷ್ಟು ಹೆದರುತ್ತಿದ್ದ ಗಣಿತದಲ್ಲೂ ಪಾಸಾಗಿದ್ದೀಯ. ಹೇಗಿದ್ದೀ ಎಂದು ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ, ಏಕೆಂದರೆ ನಿನ್ನ ಅಪ್ಪ ಹೇಳಿದರೆ ನೀನು ನಂಬಲಿಲ್ಲವಂತೆ. ಸಿಸ್ಟರ್ ಝೀಟಾ ಶಾಲೆಯ ಗ್ರೂಪಿನಲ್ಲಿ ಹಾಕಿದ ಪಟ್ಟಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದವಳೇ ಅಡುಗೆಮನೆಗೆ ಓಡಿ ನಮ್ಮ ಅತ್ತೆಯವರನ್ನು ತಬ್ಬಿಕೊಂಡೆ, ಅವರ ಕೈಯಲ್ಲಿದ್ದ ಜೋಳದ ಹಿಟ್ಟೆಲ್ಲ ನನ್ನ ಹೊಸ ಸೀರೆಗೆ ಬಂತು. "ಏನಾತವ್ವಾ, ಯಾರಿಗೇನಾತು" ಎಂದು ಪಾಪ ಅವರು ಗಾಬರಿಯಾದರು. ನನ್ನ ಸಾಕ್ಷಿ ಪಾಸಾದಳು ಎಂದೆ. "ನಾ ಬ್ಯಾರೇನೋ ಸಿಹಿ ಸುದ್ದಿ ಅಂದ್ಕೊಂಡಿದ್ನಲ್ಲ" ಎಂದು ನಕ್ಕು ಮತ್ತೆ ರೊಟ್ಟಿ ತಟ್ಟತೊಡಗಿದರು.

ನಾನೀಗ ಹೀಗೇ ಆಗಿಬಿಟ್ಟಿದ್ದೇನೆ. ಸಣ್ಣದಕ್ಕೂ ಹಿಗ್ಗು, ಸಣ್ಣದಕ್ಕೂ ಅಳು. ನಮ್ಮ ಯಜಮಾನರು ಅತಿಶಯ ಅವರು ಅಂಗಡಿಗೆ ಹೊರಟರೆ ರಸ್ತೆಯ ತಿರುವಿನ ತನಕ ಕೈ ಬೀಸುತ್ತೇನೆ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ ನಮ್ಮದು, ಹಾಗಾಗಿ ಸಂಜೆ ಅವರು ಬೈಕಿನಲ್ಲಿ ಹಾರಿಕೊಂಡು ಬರುತ್ತಾರೆ, ಆ ಗಡಿಬಿಡಿಯ ಊಟವೇ ನನ್ನ ದಿನದ ಹಬ್ಬ. ಇದನ್ನೆಲ್ಲ ವಿದ್ಯಾರ್ಥಿನಿಗೆ ಹೇಳಬಾರದೇನೋ. ಆದರೆ ಮದುವೆ ಗೊತ್ತಾದಾಗ ಸ್ಟಾಫ್ ರೂಮಿಗಿಂತ ಮೊದಲು ನಿಮ್ಮ ಹತ್ತನೇ ಕ್ಲಾಸಿಗೆ ಬಂದು ಹೇಳಿದವಳು ನಾನು. ಎಲ್ಲರೂ ಬೆಂಚು ಬಡಿದು ಗದ್ದಲ ಮಾಡುವಾಗ, "ಹುಬ್ಬಳ್ಳಿ ದೂರ ಐತ್ರಿ ಟೀಚರ್" ಎಂದವಳು ನೀನೊಬ್ಬಳೇ. ಎಲ್ಲಿಯ ದೂರ, ಲಗ್ನ ಮುಗಿಸಿ ಎಂಟು ದಿನದಲ್ಲಿ ಬಂದೇಬಿಡುತ್ತೇನೆ, ಪರೀಕ್ಷೆಗೆ ನಾನೇ ಓದಿಸುತ್ತೇನೆ ಎಂದು ಪ್ರಾಮಿಸ್ ಮಾಡಿದ್ದೆ.

ಮೊದಲು ಶಾಲೆಯ ಸುದ್ದಿ ಹೇಳಿಬಿಡುತ್ತೇನೆ. ಈ ವರ್ಷ ಹತ್ತನೇ ಕ್ಲಾಸಿನಲ್ಲಿ ಒಬ್ಬರೂ ಫೇಲಾಗಿಲ್ಲ. ಅನಿಕೇತ ಶಾಲೆಗೇ ಮೊದಲು ಬಂದಿದ್ದಾನೆ, ಅವನ ಫೋಟೋ ಗೇಟಿನ ಬ್ಯಾನರಿನಲ್ಲಿದೆ, ಕೂದಲಿಗೆ ಅಷ್ಟು ಎಣ್ಣೆ ಹಚ್ಚಿ ಬಾಚಿದ್ದನ್ನು ನೋಡಿದರೆ ನೀನು ನಗುತ್ತೀ. ಚರ್ಚಿನ ಬದಿಯ ಗೋಡೆಗೆ ಹೊಸ ಬಣ್ಣವಾಗಿದೆ. ಸಿಸ್ಟರ್ ಝೀಟಾ ಅವರಿಗೆ ವರ್ಗವಾಗಿದೆ ಸಾಕ್ಷಿ. ಅವರ ಕನ್ಯಾಸ್ತ್ರೀಯರ ಸಂಘದಲ್ಲಿ ಹಾಗೆಯೇ, ವರ್ಷದ ಕೊನೆಗೆ ಆಜ್ಞೆ ಬರುತ್ತದೆ, ಒಂದು ಟ್ರಂಕು ಹಿಡಿದು ಹೊರಟುಬಿಡಬೇಕು. ಬರುವ ಶನಿವಾರ ಮಂಗಳೂರಿನ ಕಡೆ ಹೋಗುತ್ತಾರೆ. ಶುಕ್ರವಾರ ನಿಮಗೆಲ್ಲ ಅಂಕಪಟ್ಟಿ ಕೊಡುವುದೇ ಅವರು ನಮ್ಮ ಶಾಲೆಯಲ್ಲಿ ಮಾಡುವ ಕೊನೆಯ ಕೆಲಸ.

ನಿನ್ನೆ ನಿನ್ನ ಅಪ್ಪನಿಗೆ ಫೋನ್ ಮಾಡಿದ್ದೆ, ನಿನ್ನ ದನಿ ಕೇಳಬೇಕೆಂದು. ಸಿದ್ದಪ್ಪನವರು ಫೋನ್ ಹಿಡಿದು ನಿನ್ನ ಹತ್ತಿರ ನಡೆದು ಬಂದದ್ದು ಕೇಳಿಸಿತು. ನೀನು "ಒಲ್ಲೆ" ಎಂದದ್ದೂ ಕೇಳಿಸಿತು. "ಸಿಟ್ಟಾಗಬ್ಯಾಡ್ರಿ ಅಕ್ಕಾರ," ಎಂದರು ಅವರು. "ಸಾಲಿ ಸುದ್ದಿ ತಗದ್ರ ಎದ್ದ ಹೋಗತಾಳ. ಮಾರ್ಕ್ಸ್ ಕಾರ್ಡ್ ತರಾಕ ಬರಾಂಗಿಲ್ಲಂತ, ಕಾಲೇಜೂ ಬ್ಯಾಡಂತ. ನಾ ಬ್ಯಾಡ ಅಂದಿಲ್ಲರಿ ಮತ್ತ, ಆಕೀನ ಒಲ್ಲೆ ಅಂತಾಳ." ಯಾಕಂತೆ ಎಂದು ಕೇಳಿದೆ. "ಸೆಂಡಾಫ್ ದಿನಾ ಏನೋ ಆಗೇತಿ. ನೀವಾದ್ರೂ ಒಂದ್ ಕಾಗದಾ ಬರೀರಿ, ಓದದ ಬಿಡೂದಿಲ್ಲ ಆಕಿ, ಸಕ್ಕರಿ ಕಟ್ಟಿದ ಪೇಪರ್ ಸೈತ ಓದತಾಳ" ಎಂದರು.

ನಾನು ಕೂಡಲೇ ನಾಗರತ್ನಾ ಟೀಚರಿಗೆ ಫೋನ್ ಮಾಡಿದೆ. ಅವರು ಮೊದಲು ಏನೇನೋ ಹೇಳಿ ತೇಲಿಸಿದರು. ನಾನು ಬಿಡಲಿಲ್ಲ. ಆಮೇಲೆ, "ಹೊಸದಾಗಿ ಲಗ್ನಾದಾಕಿ, ನಿನ್ನ ಮನಸ್ಸ ಯಾಕ ಕೆಡಸೂದಂತ ಸುಮ್ಮನಿದ್ದೆ ಪೂನಮ್" ಎಂದು ಎಲ್ಲ ಹೇಳಿದರು.

ನಮ್ಮ ಶಾಲೆಯ ಸೆಂಡಾಫ್ ಬೇರೆ ಶಾಲೆಗಳ ಸೆಂಡಾಫಿನ ಹಾಗಲ್ಲ ಎಂದು ಅತಿಶಯ ಅವರ ಮುಂದೆ ಎಷ್ಟು ಜಂಬ ಕೊಚ್ಚಿದ್ದೇನೆ ಗೊತ್ತೇ. ಸಿಸ್ಟರ್ ಕೈಯ ದೊಡ್ಡ ಮೇಣದ ಬತ್ತಿಯಿಂದ ಕ್ಲಾಸ್ ಟೀಚರು ತನ್ನ ಬತ್ತಿ ಹಚ್ಚಿಕೊಳ್ಳಬೇಕು. ಹತ್ತನೆಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಅದರಿಂದ ತಮ್ಮ ಬತ್ತಿ ಹಚ್ಚಿಕೊಳ್ಳಬೇಕು. ಹಚ್ಚುವಾಗ ಟೀಚರು ಆ ಮಗುವಿನಲ್ಲಿ ತಾನು ಕಂಡ ಒಂದು ಒಳ್ಳೆಯದನ್ನು ಎಲ್ಲರೆದುರು ಹೇಳಬೇಕು. ಅಂಕ, ಬಹುಮಾನ ಅದರಲ್ಲಿ ಬರುವ ಹಾಗಿಲ್ಲ. ವರ್ಷವಿಡೀ ನಿಮ್ಮನ್ನು ನೋಡನೋಡುತ್ತ ಯಾರಿಗೆ ಏನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಕ್ಲಾಸ್ ಟೀಚರಾಗಿ ನನ್ನ ಮೊದಲ ಸೆಂಡಾಫ್ ಅದು.

ನಮ್ಮ ಹಿರಿಯರು ಮುಹೂರ್ತ ತೆಗೆಸಿದರೆ ಅದು ಸರಿಯಾಗಿ ಅದೇ ದಿನಕ್ಕೆ ಬಂತು. ನಾನು ಅತ್ತುಬಿಟ್ಟೆ. ಪಪ್ಪಾ, "ಪಂಡಿತರಿಗೆ ನಿಮ್ಮ ಸಾಲಿ ಕ್ಯಾಲೆಂಡರ್ ಕೊಡಬೇಕಿತ್ತು ನೋಡ" ಎಂದು ರೇಗಿಸಿದರು. ಆಗ ನನಗೊಂದು ಉಪಾಯ ಹೊಳೆಯಿತು. ನಾನಿಲ್ಲದಿದ್ದರೇನು, ನನ್ನ ದನಿ ಇರಲಿ. ಫೋನಿನಲ್ಲಿ ಎಲ್ಲರ ಮಾತನ್ನೂ ರೆಕಾರ್ಡ್ ಮಾಡಿ ಕಳಿಸುತ್ತೇನೆ, ನಾಗರತ್ನಾ ಟೀಚರು ನನ್ನ ಪರವಾಗಿ ಬತ್ತಿ ಹಿಡಿಯಲಿ, ಸ್ಪೀಕರಿನಲ್ಲಿ ನಾನು ಮಾತಾಡುತ್ತೇನೆ. ಎಂಥ ಜಾಣೆ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮದುವೆಯ ಬೆಳಿಗ್ಗೆ ಬೆಳಗಾವಿ ಶಹಾಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ, ಬಾಜು ಮನೆಯ ಮಗ್ಗದ ಸದ್ದು ಬರಬಾರದೆಂದು ಕಿಟಕಿ ಹಾಕಿಕೊಂಡು, ಮೆಹಂದಿ ಕೈಯಲ್ಲಿ ಫೋನ್ ಹಿಡಿದು ಒಬ್ಬೊಬ್ಬರ ಹೆಸರು ಕರೆದೆ. ನಿನ್ನನ್ನು ಕೊನೆಗೆ ಇಟ್ಟಿದ್ದೆ. ಯಾಕೆ ಗೊತ್ತೇ? ಸಣ್ಣವಳಿದ್ದಾಗಿನಿಂದ ತಾಟಿನಲ್ಲಿ ಸಿಹಿ ಕುಂದಾ ಬಡಿಸಿದರೆ ನಾನು ಉಳಿದದ್ದನ್ನೆಲ್ಲ ತಿಂದು ಅದನ್ನು ಕೊನೆಗೆ ಉಳಿಸಿಕೊಳ್ಳುವವಳು. ನಿನ್ನ ಬಗ್ಗೆ ಹೇಳುವುದು ನನಗೆ ಎಲ್ಲಕ್ಕಿಂತ ಹೆಚ್ಚಿತ್ತು. ಅಷ್ಟರಲ್ಲಿ ಪಪ್ಪಾ ಬಾಗಿಲು ಬಡಿದರು, "ಪೂನಮ್, ಫೋನ್ ಇಡ ಮೊದಲ, ಪಂಡಿತರು ಕಾಯಾಕತ್ತಾರ." "ಇನ್ನ ಒಬ್ಬಾಕಿ ಉಳದಾಳ ಪಪ್ಪಾ" ಎಂದೆ. ಹಿಂದೆಯೇ ಅಕ್ಕಾತಾಯಿ ಅಜ್ಜಿ ಒಳಗೆ ಬಂದು, "ಇನ್ನೂ ಲಗ್ನಾನ ಆಗಿಲ್ಲ, ಎಷ್ಟ ಮಕ್ಕಳವ್ವಾ ನಿಂದು" ಎಂದಳು. ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಲ್ಲಿಗೆ ರೆಕಾರ್ಡಿಂಗ್ ನಿಂತಿತು. ಮಂಟಪಕ್ಕೆ ಹೋಗುತ್ತ ಅದನ್ನೇ ಕಳಿಸಿ, ನಿನ್ನದನ್ನು ಅಕ್ಕಿಕಾಳು ಬಿದ್ದ ಮೇಲೆ ಬೇರೆಯಾಗಿ ಕಳಿಸಿದರಾಯಿತು ಎಂದುಕೊಂಡೆ. ಫೋನು ಯಾವುದೋ ಚಿಕ್ಕಮ್ಮನ ಪರ್ಸು ಸೇರಿತು. ಅದು ಮತ್ತೆ ನನ್ನ ಕೈಗೆ ಬಂದಾಗ ನಾನು ಹುಬ್ಬಳ್ಳಿಯ ದಾರಿಯಲ್ಲಿದ್ದೆ. ನಾಗರತ್ನಾ ಟೀಚರು ಬತ್ತಿ ಹಿಡಿದ ಮಕ್ಕಳ ಫೋಟೋ ಹಾಕಿ "ಬಾಳ ಚಂದ ಆತು" ಎಂದು ಬರೆದಿದ್ದರು. ನಿನಗೆ ಸಿಸ್ಟರೇ ಏನಾದರೂ ಹೇಳಿರುತ್ತಾರೆ ಎಂದು ನಾನು ನಂಬಿಬಿಟ್ಟೆ. ಫೋಟೋದಲ್ಲಿ ನಿನ್ನನ್ನು ಹುಡುಕಲೂ ಇಲ್ಲ.

ಆ ರೆಕಾರ್ಡಿಂಗಿನ ಕೊನೆಯ ತುಂಡು ನಮ್ಮ ಮನೆಯಲ್ಲಿ ಎಷ್ಟು ಸಲ ಓಡಿದೆಯೋ. ಮದುವೆಯ ಎಲ್ಲ ವಿಡಿಯೋಗಳಿಗಿಂತ ನಮ್ಮವರಿಗೆ ಅಜ್ಜಿಯ ಆ ಮಾತೇ ಇಷ್ಟ. ಬಂದ ನೆಂಟರಿಗೆಲ್ಲ ಅತಿಶಯ ಅವರು ಕೇಳಿಸುತ್ತಾರೆ, ಎಲ್ಲರೂ ನಗುತ್ತಾರೆ, ಪ್ರತಿ ಸಲವೂ ನಾನು ಜೊತೆಗೆ ನಕ್ಕಿದ್ದೇನೆ. ಖಾನಾಪುರದ ಶಾಲೆಯ ಹಾಲಿನಲ್ಲಿ ಅದೇ ಮಾತಿಗೆ ಎಲ್ಲರೂ ನಗುವಾಗ ನೀನು ಹಚ್ಚದ ಬತ್ತಿ ಹಿಡಿದು ವೇದಿಕೆಯ ಮೇಲೆ ಒಬ್ಬಳೇ ನಿಂತಿದ್ದೆ ಎಂದು ನನಗೆ ನಿನ್ನೆಯ ತನಕ ಗೊತ್ತಿರಲಿಲ್ಲ. ಉಳಿದ ಆ ಒಬ್ಬಾಕಿ ನೀನೇ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು.

ಸಿಸ್ಟರ್ ಝೀಟಾ ತಮ್ಮ ಬತ್ತಿಯನ್ನು ನಿನ್ನ ಕಡೆ ಚಾಚಿದರಂತೆ. "ಬ್ಯಾಡ್ರಿ ಸಿಸ್ಟರ್. ಟೀಚರ್ ಎಂಟ ದಿನದಾಗ ಬರ್ತಾರ, ಆವಾಗ ಹಚ್ಚತೀನಿ" ಎಂದು ಇಳಿದು ಹೋಗಿ ನಿನ್ನ ಜಾಗದಲ್ಲಿ ಕುಳಿತೆಯಂತೆ. ಪರೀಕ್ಷೆ ಮುಗಿಯುವ ತನಕ ದಿನಾ ಆ ಬತ್ತಿ ನಿನ್ನ ಬ್ಯಾಗಿನಲ್ಲಿತ್ತಂತೆ.

ನಾನು ಬರಲಿಲ್ಲ. ಇಲ್ಲಿ ಯಾರೂ ತಡೆಯಲಿಲ್ಲ ಸಾಕ್ಷಿ, ಆ ಸುಳ್ಳು ನಾನು ಹೇಳುವುದಿಲ್ಲ. ಮೊದಲು ಬಸದಿಯ ದರ್ಶನ, ಆಮೇಲೆ ನೆಂಟರ ಮನೆಗಳ ಊಟ, ಆಮೇಲೆ ಗೋವಾ. ಖುಷಿಯಲ್ಲಿ ದಿನ ಹೋದದ್ದೇ ತಿಳಿಯಲಿಲ್ಲ. ಒಂದು ದಿನ ಕೆಲಸ ಬಿಡುತ್ತೇನೆಂದು ಸಿಸ್ಟರಿಗೆ ಮೆಸೇಜು ಹಾಕಿದೆ, ಅಷ್ಟೇ. ನೀವು ಪರೀಕ್ಷೆಗೆ ಕುಳಿತ ವಾರ ನಾನು ಪರದೆಯ ಬಟ್ಟೆ ಆರಿಸುತ್ತಿದ್ದೆ.

ಅಂದು ಹೇಳಬೇಕೆಂದಿದ್ದ ಮಾತು ಯಾವುದು ಗೊತ್ತೇ? ಇನ್ನು ಕಾಯಿಸುವುದಿಲ್ಲ, ಇಲ್ಲೇ ಬರೆಯುತ್ತೇನೆ.

ಕ್ರಿಸ್‌ಮಸ್ಸಿಗೆ ನಮ್ಮ ಕ್ಲಾಸಿನವರು ಏಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟಿದೆವಲ್ಲ. ಪೇಟೆಯಿಂದ ತಂದ ಬೊಂಬೆಗಳಲ್ಲಿ ಎತ್ತಿನ ಕಾಲು ಮುರಿದಿತ್ತು. ನೀನು ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಹಾಗೆ ಕರಿ ಮಣ್ಣು ಕಲಸಿ ಒಂದು ಎತ್ತು ಮಾಡಿ ತಂದೆ, ಹೆಗಲ ಮೇಲೆ ಎತ್ತರದ ಹಿಣಿಲು, ಹಿಂದಕ್ಕೆ ಬಾಗಿದ ಕೋಡು. "ಬೆತ್ಲೆಹೇಮಿಗೆ ನಿಮ್ಮೂರು ಪಾರಿಶ್ವಾಡದ ಕಿಲಾರಿ ಎತ್ತು ಬಂತು" ಎಂದು ಸಿಸ್ಟರ್ ನಕ್ಕರು. ಕುರಿಗಳು, ಒಂಟೆಗಳು, ರಾಜರು ಎಲ್ಲವನ್ನೂ ನಾವು ನೋಡುವವರ ಕಡೆ ಮುಖ ಮಾಡಿ ಜೋಡಿಸಿದ್ದೆವು. ನೀನು ನಿನ್ನ ಎತ್ತನ್ನು ಮಾತ್ರ ಜನರಿಗೆ ಬೆನ್ನು ಹಾಕಿ ನಿಲ್ಲಿಸಿದೆ. ಅನಿಕೇತ, "ಫೋಟೋದಾಗ ಬರೇ ಬಾಲ ಬರ್ತೇತಿ, ತಿರುಗಸ" ಎಂದ. ನಾನೂ ತಿರುಗಿಸು ಎಂದೆ. "ಎತ್ತಿಗೆ ಕೂಸು ಕಾಣಬೇಕಲ್ರಿ ಟೀಚರ್, ಮಂದಿ ಯಾಕ ಕಾಣಬೇಕ" ಎಂದೆ ನೀನು. ಎತ್ತು ಹಾಗೇ ನಿಂತಿತು.

ನಾನು ಬೆಳಗಾವಿಯ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಕಲಿತವಳು, ಸ್ಟೇಜು, ಸ್ಪೀಚು, ಫೋಟೋ ಎಂದರೆ ಪ್ರಾಣ. ಯಾರು ನೋಡುತ್ತಿದ್ದಾರೆ ಎಂಬುದನ್ನು ಮರೆತು ಒಂದು ಕೆಲಸವನ್ನೂ ಮಾಡಿದವಳಲ್ಲ. ನೀನು ಯಾರಿಗಾಗಿ ಮಾಡುತ್ತೀಯೋ ಅವರ ಕಡೆ ಮಾತ್ರ ನೋಡುತ್ತೀ. ಅದನ್ನು ನಾನು ಬೇರೆ ಯಾವ ಮಗುವಿನಲ್ಲೂ ಕಂಡಿಲ್ಲ. ಇದೇ ನಿನ್ನ ಮಾತು. ಇದನ್ನು ಅಷ್ಟು ಜನರ ಮುಂದೆ ಹೇಳಬೇಕಿತ್ತು, ಹೇಳಲಿಲ್ಲ, ಅದರ ನೋವು ನನಗೆ ಹೋಗುವುದಿಲ್ಲ. ನಿನ್ನ ಎತ್ತು ಸಿಸ್ಟರ್ ಅವರ ಮೇಜಿನ ಮೇಲಿದೆಯಂತೆ, ಬಂದವರಿಗೆ ಬೆನ್ನು ಹಾಕಿಕೊಂಡು. ಅದನ್ನು ಟ್ರಂಕಿನಲ್ಲಿ ಹತ್ತಿಯಲ್ಲಿ ಸುತ್ತಿ ಒಯ್ಯುತ್ತಾರಂತೆ.

ಈ ಕಾಗದದಲ್ಲಿ ಕನ್ನಡ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದು. ನಿನ್ನ ಎಷ್ಟು ಇಂಗ್ಲಿಷ್ ಪ್ರಬಂಧಗಳನ್ನು ನಾನು ಕೆಂಪು ಮಾಡಿದ್ದೇನೆ, ಸಾಲ ತೀರಲಿ. ನನ್ನ ಮೇಲೆ ಸಿಟ್ಟು ಇರಲಿ, ಅದಕ್ಕೆ ಕಾರಣವಿದೆ. ಆದರೆ ಆ ಸಿಟ್ಟಿಗೆ ಕಾಲೇಜು ಬಿಡಬೇಡ. ನಾನು ಒಂದು ಮಾತು ಹೇಳಲಿಲ್ಲವೆಂದು ನೀನು ಮನೆಯಲ್ಲಿ ಕುಳಿತರೆ, ಮದುವೆಯ ದಿನ ನೆನಪಾದಾಗಲೆಲ್ಲ ನಾನು ತಲೆ ತಗ್ಗಿಸಬೇಕಾಗುತ್ತದೆ.

ಫೋನ್ ಇಡುವ ಮೊದಲು ನಿನ್ನ ಅಪ್ಪ ಇನ್ನೊಂದು ಹೇಳಿದರು. ಮೊನ್ನೆ ಕರೆಂಟು ಹೋದಾಗ ನಿನ್ನ ಅಜ್ಜಿ ಕಾಶವ್ವನವರು ದೇವರ ಜಗಲಿಯ ಮೇಲಿದ್ದ ನಿನ್ನ ಬತ್ತಿ ಹಚ್ಚಲು ಹೋದರಂತೆ, ನೀನು ಓಡಿ ಬಂದು ಅವರ ಕೈ ಹಿಡಿದೆಯಂತೆ. "ಮುದುಕಿ ಕತ್ತಲದಾಗ ಕುಂತ ಬೈದಿದ್ದ ಬೈದಿದ್ದು" ಎಂದು ಸಿದ್ದಪ್ಪನವರು ನಕ್ಕರು. ನಾನು ನಗಲಿಲ್ಲ. ಫೋನಿನಲ್ಲಿ ಒಲ್ಲೆ ಎಂದವಳು ಆ ಬತ್ತಿಯನ್ನು ಇನ್ನೂ ಯಾರಿಗೂ ಹಚ್ಚಗೊಟ್ಟಿಲ್ಲ.

ಅದನ್ನು ತೆಗೆದುಕೊಂಡು ಬಾ. ಅನಿಕೇತನಿಗೂ ಉಳಿದವರಿಗೂ ಹೇಳಿದ್ದೇನೆ, ಅಂಕಪಟ್ಟಿ ತೆಗೆದುಕೊಂಡು ಯಾರೂ ಓಡುವ ಹಾಗಿಲ್ಲ, ಹಾಲಿನಲ್ಲಿ ಕೂರಬೇಕು. ಸಿಸ್ಟರ್ ದೊಡ್ಡ ಬತ್ತಿಯನ್ನು ಟ್ರಂಕಿನಿಂದ ಹೊರಗೇ ಇಟ್ಟಿದ್ದಾರೆ. ಈ ಸಲ ಸ್ಪೀಕರು ಬೇಡ, ನಾನೇ ನಿನ್ನ ಎದುರು ನಿಂತು ಹೇಳುತ್ತೇನೆ. ನೀನು ಬರದಿದ್ದರೆ ಅಲ್ಲಿಂದ ಪಾರಿಶ್ವಾಡದ ಬಸ್ಸು ಹತ್ತುತ್ತೇನೆ, ಕಾಶವ್ವನವರ ಬೈಗುಳಕ್ಕೂ ತಯಾರಾಗಿಯೇ ಬರುತ್ತೇನೆ.

ನಿನ್ನ ದೇವರು, ನನ್ನ ದೇವರು, ಸಿಸ್ಟರ್ ಅವರ ದೇವರು ಮೂವರೂ ನಿನ್ನ ಕಡೆ ಮುಖ ಮಾಡಿ ನಿಲ್ಲಲಿ.

ಬರುವ ಶುಕ್ರವಾರ ಬೆಳಿಗ್ಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಿಂದ ಖಾನಾಪುರದಲ್ಲಿ ಇಳಿಯುವ,
ನಿನ್ನ ಪೂನಮ್ ಟೀಚರ್