ಸಂಪಾದಕರು ಸ್ವಗ್ರಹಕ್ಕೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಾಮ,

ನಮಸ್ಕಾರ. ನಿಮ್ಮ ಮಂಡಿನೋವು ಕಡಿಮೆಯಾಗಿದೆ ಅಂದುಕೊಂಡಿದ್ದೇನೆ. ಉತ್ತರ ಬರೆಯುವುದು ತುಂಬಾ ತಡವಾಯಿತು, ಸಾರಿ. ಕೂತಾಗಲೆಲ್ಲ ಮೊದಲ ವಾಕ್ಯಕ್ಕೇ ಹೆದರಿ ಎದ್ದುಬಿಡುತ್ತಿದ್ದೆ. ಫೋನಿನಲ್ಲಿ ನಿಮಗೆ ಕೇಳಿಸುವಂತಿದ್ದರೆ ಅಮ್ಮನೇ ಹೇಳುತ್ತಿದ್ದಳು. ನನ್ನದು ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಪ್ಪ ತೀರಿಕೊಂಡರು, ಮಾಮ. ನಿಜವಾಗಿ.

‘ನಿಜವಾಗಿ’ ಅನ್ನುವುದನ್ನು ಹೊಡೆದುಹಾಕಿ ಮತ್ತೆ ಬರೆದೆ. ನಮ್ಮ ಮನೆಯಲ್ಲಿ ಆ ಪದ ಕೆಟ್ಟುಹೋಗಿದೆ ಅಂತ ನಿಮಗೆ ಗೊತ್ತಲ್ಲ. ಕೆಡಿಸಿದವರೇ ನೀವು ಮತ್ತು ಅಪ್ಪ. ಅಪ್ಪನ ವಿಚಿತ್ರ ಕಥೆಗಳ ಪತ್ರಿಕೆ ಮೊದಲ ಸಲ ತಡವಾದಾಗ ಮುಖಪುಟದ ಒಳಗೆ ನೀವು ಚೌಕದಲ್ಲಿ ಒಂದು ಪ್ರಕಟಣೆ ಹಾಕಿಸಿದಿರಂತೆ: ‘ಇದು ನಿಜ. ಸಂಪಾದಕರನ್ನು ಡ್ರ್ಯಾಗನ್ ನುಂಗಿದೆ. ಜೀರ್ಣವಾಗದೆ ವಾಪಸ್ ಕೊಟ್ಟ ಕೂಡಲೇ ಸಂಚಿಕೆ ಹೊರಬರಲಿದೆ.’ ಆಮೇಲೆ ಓದುಗರು ಕಥೆಗಳಿಗಿಂತ ಆ ಚೌಕಕ್ಕೇ ಕಾಯತೊಡಗಿದರು. ಅಪ್ಪ ಆವಿಯಾದರು, ಕಪ್ಪೆಯಾದರು, ಹಿಂದಿನ ಶತಮಾನಕ್ಕೆ ಹೋಗಿ ಅಲ್ಲಿ ಕೊಡೆ ಮರೆತು ಬಂದರು. ಪ್ರತಿ ಸಲವೂ ‘ಇದು ನಿಜ’ ಎಂದೇ ಶುರು.

ಹಾಗಾಗಿ ಆಸ್ಪತ್ರೆಯಲ್ಲೂ ಅವರಿಗೆ ಬೇರೆ ರೀತಿ ಬರಲಿಲ್ಲ. ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ, ಒಂದೊಂದು ಪದಕ್ಕೂ ನಿಂತು ನಿಂತು ನನ್ನಿಂದ ಬರೆಸಿದರು: ‘ಇದು ನಿಜ. ಸಂಪಾದಕರನ್ನು ಅವರ ಸ್ವಗ್ರಹ ವಾಪಸ್ ಕರೆಸಿಕೊಳ್ಳುತ್ತಿದೆ. ಒಂದು ಶ್ವಾಸಕೋಶ ಈಗಾಗಲೇ ಹೊರಟಿದೆ. ಬೀಳ್ಕೊಡುವವರು ಬೇಗ ಬರಬೇಕು.’ ಒಂದು ಪ್ರತಿ ಪ್ರೆಸ್ಸಿಗೆ, ಒಂದು ನಿಮಗೆ.

ಅಮ್ಮ ರೇಗಿದಳು. “ನೆಟ್ಟಗೆ ಬರೆಸ್ರೀ, ಹುಷಾರಿಲ್ಲ ಬಾ ಅಂತ. ಅವನು ನನ್ನಣ್ಣ, ನನಗೆ ಗೊತ್ತಿಲ್ವಾ? ಓದಿ ನಗ್ತಾ ಕೂತಿರ್ತಾನೆ.”

“ನಗ್ಲಿ ಬಿಡೇ, ನಗ್ತಾನೇ ಬರ್ತಾನೆ,” ಅಂದರು ಅಪ್ಪ. “ಸೀದಾ ಬರೆದ್ರೆ ನಾನು ಬರೆಸಿದ್ದು ಅಂತ ನಂಬೋದೇ ಇಲ್ಲ ಅವನು.”

ನಿಮ್ಮ ಕಾರ್ಡ್ ಬಂತು. ‘ಕಿಟಕಿ ಪಕ್ಕದ ಸೀಟು ಹಿಡಿ ಭಾವ. ಇನ್ನೊಂದು ಶ್ವಾಸಕೋಶಕ್ಕೆ ರಿಟರ್ನ್ ಟಿಕೆಟ್ ಮಾಡಿಸು.’ ಅದಾದ ವಾರದಲ್ಲೇ ಅಪ್ಪ ಹೋದರು. ನೋವು ಹೆಚ್ಚಿರಲಿಲ್ಲ ಅಂತ ಡಾಕ್ಟರು ಹೇಳಿದರು. ನಾನು ನೋಡಿದೆ, ಇತ್ತು.

ಅಷ್ಟು ಹೊತ್ತಿಗೆ ಸಂಚಿಕೆ ಎಲ್ಲರ ಮನೆ ಸೇರಿತ್ತು. ಈಗ ಅಪ್ಪನ ಮೇಜಿನ ಮುಂದೆ ಕೂತು ಬಂದ ಕಾಗದಗಳನ್ನು ನಾನೇ ಒಡೆಯುತ್ತೇನೆ. ‘ಇಷ್ಟು ವರ್ಷಗಳಲ್ಲಿ ಇದೇ ಬೆಸ್ಟು ಸಾರ್.’ ‘ನಕ್ಕು ನಕ್ಕು ಪಕ್ಕೆ ಹಿಡಿಯಿತು.’ ಒಬ್ಬರಂತೂ ಸ್ವಗ್ರಹದ ಪಿನ್‌ಕೋಡ್ ಕೇಳಿದ್ದಾರೆ.

ಹಲ್ಲಿನ ಡಾಕ್ಟರು ನೆನಪಿದ್ದಾರಾ, ರಕ್ತಪಿಶಾಚಿಗಳ ಹಲ್ಲುನೋವಿನ ಕಥೆಗಳನ್ನು ಬರೆಯುವವರು? ಹೋದ ವಾರ ತಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಬೋರಲು ಹಾಕಿಕೊಂಡು ಬಂದರು.

“ಎಲ್ಲಮ್ಮಾ ನಮ್ಮ ಗಗನಯಾತ್ರಿ?”

“ಅಪ್ಪ ಹೋದ್ರು, ಅಂಕಲ್.”

“ಅಯ್ಯೋ, ಯಾವ ರಾಕೆಟ್ಟಿಗೆ?” ಅಂತ ಬಗ್ಗಿ ಮೇಜಿನ ಕೆಳಗೆ ನೋಡಿದರು. “ಬಾರಯ್ಯ ಈಚೆಗೆ, ಸಾಕು ನಾಟಕ!”

ಒಳಗಿನ ರೂಮಿನಿಂದ ಅಮ್ಮ ಬಂದಳು. ಅವಳ ಮುಖ ನೋಡಿ ಅವರ ಕೈ ಮೆಲ್ಲಗೆ ಪಾತ್ರೆಗೆ ಹೋಯಿತು. ತೆಗೆದದ್ದನ್ನು ಎಲ್ಲಿ ಇಡಬೇಕೆಂದು ತೋಚದೆ ಮಡಿಲಲ್ಲಿಟ್ಟುಕೊಂಡು ಕೂತರು.

“ಒಂದು ಮಾತು ಹೇಳಬಾರದಿತ್ತೇನಮ್ಮ?”

“ಹೇಳಿದ್ವಲ್ಲ,” ಅಂದಳು ಅಮ್ಮ. “ಅಚ್ಚು ಹಾಕಿಸಿ ಹೇಳಿದ್ವಿ.”

ಮುಂದಿನ ಸಂಚಿಕೆಯಲ್ಲಿ ಸರಿಯಾಗಿ ತಿಳಿಸಬೇಕು. ‘ಸಂಪಾದಕರು ನಿಧನರಾಗಿದ್ದಾರೆ’ ಎಂದು ಬರೆದುಕೊಂಡು ಪ್ರೆಸ್ಸಿಗೆ ಹೋದೆ. ಪ್ರೆಸ್ ಚಿಕ್ಕಪ್ಪ ಕನ್ನಡಕ ಏರಿಸಿ, ಇಳಿಸಿ, ತಲೆಯಾಡಿಸಿದರು.

“ಯಾರೂ ನಂಬಲ್ಲ ಮಗಾ.”

“ಕಪ್ಪು ಬಾರ್ಡರ್ ಹಾಕೋಣ?”

“ಬ್ಲ್ಯಾಕ್‌ಹೋಲ್ ಸಂಚಿಕೆಗೆ ಹಾಕಿದ್ದೆ.”

“ಫೋಟೋ?”

“ಮಂಗಳಗ್ರಹದಲ್ಲಿ ಕಾಣೆಯಾದಾಗ ಹಾಕಿದ್ದೆ. ಹಾರದ ಸಮೇತ.”

“ಹಾಗಾದ್ರೆ ಪೇಜು ಖಾಲಿ ಬಿಡಿ.”

ಅವರು ಹಳೆಯದೊಂದು ಸಂಚಿಕೆ ಎಳೆದು ತೋರಿಸಿದರು. ಅದೃಶ್ಯ ಸಂಪಾದಕರ ವಿಶೇಷಾಂಕ. ಮೊದಲ ಪುಟ ಖಾಲಿ. ಇಬ್ಬರೂ ನಕ್ಕೆವು, ಆಮೇಲೆ ಅವರು ಮೆಷಿನ್ ಒರೆಸುವ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡು ಕೆನ್ನೆಯೆಲ್ಲ ಮಸಿ ಮಾಡಿಕೊಂಡರು.

ಕಾಲೇಜಿನಲ್ಲಿ ನನ್ನ ಇಂಟರ್ನಲ್ಸ್ ಪರೀಕ್ಷೆ ತಪ್ಪಿಹೋಯಿತು. ಲೆಕ್ಚರರ್ ತಲೆ ಎತ್ತದೆ “ರೀಸನ್?” ಅಂದರು. ತಂದೆ ತೀರಿಕೊಂಡರು ಅಂದೆ. ಅವರು ತಟ್ಟನೆ ಪೆನ್ ಕೆಳಗಿಟ್ಟು “ಕೂತ್ಕೋ” ಅಂದರು. ಅಷ್ಟೇ. ನಂಬಿಬಿಟ್ಟರು, ಮಾಮ! ಅಷ್ಟು ಸುಲಭವಾಗಿ. ಅಪ್ಪನ ಹೆಸರನ್ನೂ ಕೇಳದ ಆ ಮನುಷ್ಯರ ಎದುರು ಬಿಕ್ಕಿ ಬಿಕ್ಕಿ ಅತ್ತೆ. ಮನೆಯಲ್ಲಿ ಹಾಗೆ ಅತ್ತಿರಲಿಲ್ಲ.

ಮೇಜಿನ ಮೇಲೆ ಇನ್ನೂ ಕಥೆಗಳು ಬರುತ್ತಲೇ ಇವೆ. ಓದುತ್ತೇನೆ. ಯಾವುದು ನಗು ತರಿಸುತ್ತದೆ ಅಂತ ನನಗೆ ಗೊತ್ತಾಗುತ್ತಿಲ್ಲ. ಮುಂದಿನದೇ ಕೊನೆಯ ಸಂಚಿಕೆ ಅಂತ ಅಮ್ಮ ಹೇಳಿಬಿಟ್ಟಿದ್ದಾಳೆ. ಆ ಚೌಕವನ್ನು ನೀವು ಬಂದು ಬರೆಯಿರಿ. ಶುರು ಮಾಡಿದವರು ಹೇಳಿದರೆ ಜನ ನಂಬಬಹುದು. ಬರುವಾಗ ಕೈಬೀಸಿಕೊಂಡು ಬನ್ನಿ, ಏನೂ ತರಬೇಡಿ.

ಅಮ್ಮ ನಿಮ್ಮ ಮೇಲೆ ಕೋಪ ಮಾಡಿಕೊಂಡಿಲ್ಲ. ಎರಡು ಸಲ ನಿಮ್ಮ ಹಾಸಿಗೆ ಹಾಕಿ, ಮತ್ತೆ ಸುತ್ತಿಟ್ಟಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನನಗೊಂದು ಆಶೀರ್ವಾದ ಕಳಿಸಿ, ತಮಾಷೆಯದಲ್ಲದ್ದು.

ನಿಮ್ಮ,
ಅಲ್ಪವಿರಾಮ
(ಈ ಹೆಸರಿಟ್ಟವರು ನೀವೇ, ಬೇರೆ ಹೆಸರು ಹಾಕಿದರೆ ಅನುಮಾನ ಬರುತ್ತದೆ)

ಕೊನೆಗೊಂದು ಮಾತು: ಇದನ್ನು ಬರೆಯಬೇಡ ಅಂದಿದ್ದಾಳೆ ಅಮ್ಮ. ನಿಮ್ಮ ಕಾರ್ಡನ್ನು ಅಪ್ಪನಿಗೆ ಓದಿ ಹೇಳಿದವಳು ನಾನು. ಕೆಮ್ಮು ಬರುವಷ್ಟು ನಕ್ಕರು. ಸುಧಾರಿಸಿಕೊಂಡ ಮೇಲೆ, “ಯಾವತ್ತು ಬರ್ತಾನಂತೆ?” ಅಂದರು. ಬರೆದಿಲ್ಲ ಅಪ್ಪಾ, ಅಂದೆ. “ಆ ಕಡೆ ತಿರುಗಿಸಿ ನೋಡು ಪುಟ್ಟಾ.” ತಿರುಗಿಸಿದೆ. ಆ ಕಡೆ ನಮ್ಮ ವಿಳಾಸ ಮಾತ್ರ ಇತ್ತು. ಅದನ್ನೇ ನಿಧಾನವಾಗಿ ಓದಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡರು.