ಬೇರಿಲ್ಲದ ಹಾಳೆ

ಮಾರ್ಚ್ 4, ಬೆಳಗ್ಗೆ 11

ಮಗಳು ಮತ್ತೆ ಹಾಲು ಕಕ್ಕಿದಳು. ಮೂರನೇ ಸಲ ಬಟ್ಟೆ ಬದಲು. ಐದು ತಿಂಗಳಾಯಿತು, ನೆಟ್ಟಗೆ ನಿದ್ದೆ ಕಂಡು. ಕಣ್ಣಲ್ಲಿ ಮರಳು ಸುರಿದ ಹಾಗಿದೆ.

ಕಾಲೇಜಿನಿಂದ ಮೇಷ್ಟ್ರು ಡಬ್ಬಿ ಕಳಿಸಿದ್ದಾರೆ. ಒದ್ದೆ ಪೇಪರ್‌ನಲ್ಲಿ ಗಿಡ, ಬೇರು ಸಮೇತ. ಜೊತೆಗೆ ಚೀಟಿ: "ಹೋದ ವರ್ಷ ನೀನು ಗುರುತಿಸಿದ್ಯಲ್ಲ, ಅದೇ ಬೆಟ್ಟದ ಗಿಡ. ಚಿಗುರು ತಿನ್ನಬಹುದು ಅಂತ ಮಕ್ಕಳ ಪುಸ್ತಕಕ್ಕೆ ಹಾಕಿದೀವಿ. ಸುಮ್ನೆ ಒಂದ್ಸಲ ನೋಡಮ್ಮ."

ನೋಡಬೇಕು. ಇವಳು ಮಲಗಿದರೆ.

ಮಾರ್ಚ್ 5, ಮಧ್ಯಾಹ್ನ

ಬೇರು ಸೀಳಿ ನೋಡಿದೆ. ಒಳಗೆ ಏಣಿಯ ಹಾಗೆ ಅಡ್ಡಗೋಡೆಗಳು, ನಡುವೆ ಟೊಳ್ಳು, ಹಳದಿ ರಸ. ಬುಡದಲ್ಲಿ ಹಳೆಯ ಕಾಂಡಗಳ ಕಲೆ — ವರ್ಷವರ್ಷವೂ ಅಲ್ಲಿಂದಲೇ ಚಿಗುರುವ ಗಿಡ. ನಾನು ಬರೆದದ್ದು ಒಂದೇ ವರ್ಷ ಬಾಳುವ, ಕೊತ್ತಂಬರಿಯಂಥ ಗಿಡದ ಹೆಸರು. ಇದು ವಿಷ.

ಹೋದ ವರ್ಷ ನಾನು ನೋಡಿದ್ದು ಕಾಲೇಜಿನ ಸಂಗ್ರಹಕ್ಕೆಂದು ಗಿಡ ಒಣಗಿಸಿ ಅಂಟಿಸಿದ ಹಾಳೆ, ಅದರಲ್ಲಿ ಬೇರಿರಲಿಲ್ಲ. ವಾಪಸ್ ಕಳಿಸಬೇಕಿತ್ತು. ಏಳು ತಿಂಗಳ ಬಸುರಿ, ಕಾಲು ಊದಿತ್ತು... ಸಹಿ ಹಾಕಿ ಮನೆಗೆ ಬಂದೆ.

ಸೋಪು ಹಚ್ಚಿ ಮೂರು ಸಲ ಕೈ ತೊಳೆದ ಮೇಲೇ ಮಗುವನ್ನು ಎತ್ತಿಕೊಂಡೆ.

ಅದೇ ದಿನ, ಸಂಜೆ

ಇವರಿಗೆ ಹೇಳಿದೆ.

"ಅದನ್ನ ಯಾರೇ ಓದ್ತಾರೆ? ಮುಂದಿನ ತಿಂಗಳು ನಿನ್ನ ಕೆಲಸ ಪರ್ಮನೆಂಟ್ ಆಗೋದಿದೆ. ಸುಮ್ನೆ ಮಲ್ಕೋ."

"ಭಾನುವಾರ ಐವತ್ತು ಮಕ್ಕಳು ಆ ಬೆಟ್ಟ ಹತ್ತುತ್ವೆ ರೀ. ಪುಸ್ತಕ ಹಿಡ್ಕೊಂಡು."

ಮಗುವನ್ನು ನನ್ನ ಕೈಯಿಂದ ತಗೊಂಡರು. "ಫೋನ್ ಮಾಡು."

ಮಾರ್ಚ್ 6

ರಾತ್ರಿ ಧೈರ್ಯ ಬರಲಿಲ್ಲ, ಬೆಳಗ್ಗೆ ಮಾಡಿದೆ. ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. "ಅಲ್ಲಮ್ಮ, ನಿನ್ನ ನಂಬಿ ನಾನೂ ಹಾಳೆ ತೆಗೆದು ನೋಡಲಿಲ್ಲ." ಬೈದಿದ್ದರೆ ವಾಸಿಯಿತ್ತು.

ಪ್ರೆಸ್ಸಿನವರು ಬೈದರು. "ಬೈಂಡಿಂಗೂ ಮುಗೀತು ಮೇಡಂ. ನಿಮ್ಮ ಗಿಡಕ್ಕೆ ಈಗ ವಿಷ ಬಂತಾ?" ಆ ಪುಟ ಎಲ್ಲ ಪ್ರತಿಯಿಂದಲೂ ಹರಿದು ಕೊಡುತ್ತಾರಂತೆ.

ಮಾರ್ಚ್ 10

ಮಕ್ಕಳೆಲ್ಲ ನಿನ್ನೆ ಕ್ಷೇಮವಾಗಿ ಇಳಿದರಂತೆ. ಮೇಷ್ಟ್ರು ಎರಡು ಸಲ ಎಣಿಸಿದರಂತೆ.

ಮಗುವನ್ನು ಎತ್ತಿಕೊಂಡು ಕಾಲೇಜಿಗೆ ಹೋದೆ. ನಮ್ಮಲ್ಲಿ ಹಾಳೆಯ ಮೇಲೆ ಅಂಟಿಸಿದ ಹಳೆಯ ಹೆಸರಿನ ಚೀಟಿ ಕೀಳುವಂತಿಲ್ಲ. ಕೆಳಗೆ ಹೊಸದು ಅಂಟಿಸಬೇಕು. ತಪ್ಪು ಹೆಸರು, ನನ್ನ ಸಹಿ — ಹಾಳೆ ಇರುವಷ್ಟು ಕಾಲವೂ ಇರುತ್ತವೆ.

ಅಟೆಂಡರ್ ಗೋಂದು ಕೊಟ್ಟರು. "ಸಣ್ಣಗೆ ಬರೀರಿ ಮೇಡಂ, ಯಾರಿಗೂ ಕಾಣಲ್ಲ."

ದೊಡ್ಡದಾಗಿಯೇ ಬರೆದೆ. ಕೆಲಸದ ವಿಷಯ ಮೇಷ್ಟ್ರು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಹೋದ ವರ್ಷ ಆ ತಿಂಗಳು ನಾನು ಸಹಿ ಹಾಕಿದ್ದು ಇದೊಂದಕ್ಕೇ ಅಲ್ಲ. ಮೂವತ್ತೊಂದು ಹಾಳೆ. ಅಟೆಂಡರ್ ಇಡೀ ಕಟ್ಟನ್ನೇ ಇಳಿಸಿಕೊಟ್ಟರು. ಮಗು ಮೇಜಿನ ಮೇಲೆ ಮಲಗಿದೆ, ಉರುಳದಂತೆ ನನ್ನ ಬ್ಯಾಗ್ ಒತ್ತಾಗಿಟ್ಟಿದ್ದೇನೆ. ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಮೊದಲನೆಯದು ಸರಿಯಿದೆ. ಎರಡನೆಯದೂ. ಮೂರನೆಯದರಲ್ಲಿ ಕಾಯಿ ಇಲ್ಲ, ಹೂವೂ ಉದುರಿದೆ. ಇದನ್ನು ವಾಪಸ್ ಕಳಿಸಬೇಕು.